ಫೀಡಿಂಗ್ ಬ್ರಾ ಬಿಚ್ಚಿಟ್ಟಾಗ ಸಿಕ್ಕ ಗಂಟು

ಪುಣೆಯ ಲಕ್ಷ್ಮೀ ರೋಡಿನ ಒಂದು ಬ್ರಾ ಅಂಗಡಿಯ ಟ್ರಯಲ್ ರೂಮಿನಲ್ಲಿ ಅರ್ಧಂಬರ್ಧ ಬಟ್ಟೆಯಲ್ಲಿ ನಿಂತಿದ್ದೆ. ಹೊರಗಿನಿಂದ ಅಂಗಡಿಯ ಹೆಂಗಸು ‘ತಾಈ, ಝಾಲಂ ಕಾ?’ ಅಂತ ಕೂಗಿದಳು. ಅಕ್ಕಾ, ಆಯ್ತಾ ಅಂತ. ನನ್ನ ಬಲಗೈ ಎಡ ಮೊಲೆಯ ಪಕ್ಕದಲ್ಲೇ ನಿಂತುಬಿಟ್ಟಿತ್ತು.

ಅಲ್ಲೊಂದು ಗಂಟಿತ್ತು.

(ಅಂಕಣದಲ್ಲಿ ಮೊಲೆ ಅಂತ ಬರೆದಳಲ್ಲ ಎಂದು ಮುಖ ಸಿಂಡರಿಸಬೇಡಿ. ಎದೆ ಅಂತ ಬರೆದರೆ ಹಾರ್ಟ್ ಪ್ರಾಬ್ಲಂ ಅಂದುಕೊಳ್ಳುತ್ತೀರಿ.)

ಹೋಗಿದ್ದೇನೋ ಖುಷಿಯಿಂದಲೇ. ಮಗಳು ಇಂಚರಾ ಹಾಲು ಬಿಟ್ಟು ಕೆಲವು ತಿಂಗಳಾಗಿತ್ತು. ಬಿಡಿಸಲು ಅತ್ತೆ ಹಚ್ಚಿಕೊಳ್ಳಲು ಬೇವಿನ ಸೊಪ್ಪು ಅರೆದು ಕೊಟ್ಟಿದ್ದರು. ಒಂದು ಸಲ ಚೀಪಿದವಳು ನನ್ನನ್ನು ಮೋಸಗಾತಿಯ ಹಾಗೆ ನೋಡಿ, ಆ ಕಡೆ ತಿರುಗಿ ಮಲಗಿದಳು. ಅಷ್ಟೇ, ಮುಗಿಯಿತು. ಅವಳು ಬಿಟ್ಟಳು, ಫೀಡಿಂಗ್ ಬ್ರಾ ಬಿಡಲು ನನಗೆ ಆಗಲಿಲ್ಲ. ಕ್ಲಿಪ್ ತೆಗೆದರೆ ಕಪ್ ಕೆಳಗೆ ಬೀಳುವ, ಎಲಾಸ್ಟಿಕ್ ಜೋತುಬಿದ್ದ, ಒಗೆದೊಗೆದು ಬಣ್ಣವೇ ತಿಳಿಯದಂತಾದ ಅವನ್ನೇ ತೊಟ್ಟು ಖರಾಡಿಯ ಆಫೀಸಿಗೆ ಹೋಗುತ್ತಿದ್ದೆ.

ಯಾಕೆ ಗೊತ್ತಾ? ಹೊಸದು ಬೇಕಾದರೆ ಕನ್ನಡಿ ಮುಂದೆ ನಿಲ್ಲಬೇಕಲ್ಲ! ಹೆರಿಗೆಯಾದ ಮೇಲೆ ನಾನು ಕುತ್ತಿಗೆಯಿಂದ ಕೆಳಗೆ ನನ್ನನ್ನು ನೋಡಿಕೊಂಡೇ ಇರಲಿಲ್ಲ. ಅದು ಮಗುವಿನ ಊಟದ ಡಬ್ಬಿ. ತುಂಬಿದೆಯಾ, ಸೋರುತ್ತಿದೆಯಾ, ಅಷ್ಟೇ ವಿಚಾರಣೆ. ನಿಮ್ಮಲ್ಲಿ ಎಷ್ಟು ಜನ ಹೀಗಿದ್ದೀರಿ, ನಿಜ ಹೇಳಿ?

ಬ್ರಾ ವಾಪಸ್ ಕೊಟ್ಟು, ಆಮೇಲೆ ಬರ್ತೀನಿ ಅಂದು ಆಟೋ ಹತ್ತಿದೆ.

ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗುವವರೆಗಿನ ಆ ದಿನಗಳನ್ನು ಹೇಗೆ ಹೇಳಲಿ? ಫೋನಿನಲ್ಲಿ ಹುಡುಕಿದೆ, ಹುಡುಕಬಾರದಿತ್ತು. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಗಂಟು ಮುಟ್ಟಿ ನೋಡುತ್ತಿದ್ದೆ, ಕರಗಿರಬಹುದೇನೋ ಎಂಬ ಆಸೆ. ಗಂಡ ಕಿರಣ್‌ಗೆ ವಿಷಯ ಏನೂ ಹೇಳದೆ, ಮಗಳ ಜುಟ್ಟು ಕಟ್ಟುವುದನ್ನು ಮಾತ್ರ ಅವನಿಗೆ ಕಲಿಸಿದೆ. ‘ಇದೇನೇ ಇದ್ದಕ್ಕಿದ್ದ ಹಾಗೆ?’ ಅಂತ ನಕ್ಕ. ನಾನಿಲ್ಲದಿದ್ದರೆ ಇವಳ ಜುಟ್ಟು ಯಾರು ಕಟ್ಟುತ್ತಾರೆ ಅಂತ ಬಾಯಿ ಬಿಟ್ಟು ಹೇಳುವುದು ಹೇಗೆ?

ಕಂಡುಹಿಡಿದವರು ಅತ್ತೆ. ನಾನು ಮೈಸೂರಿನವಳು, ಅವರು ಅಥಣಿ ಕಡೆಯವರು, ಮದುವೆಯಾಗಿ ಬಂದಾಗಿನಿಂದ ಪುಣೆಯಲ್ಲೇ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು: ‘ಯಾಕವಾ, ಮತ್ತ ಮತ್ತ ಅಲ್ಲೇ ಮುಟ್ಟಿ ನೋಡ್ಕೋತಿಯಲ್ಲಾ. ಗಂಟು ಏನರ ಆಗೇದೇನು?’

ನಾನು ಅಳತೊಡಗಿದೆ. ಅವರಿಗೆ ಅಷ್ಟು ನೇರವಾಗಿ ಗಂಟು ಎಂದೇ ಹೇಗೆ ಹೊಳೆಯಿತು ಅಂತ ಆಗ ಯೋಚಿಸಲಿಲ್ಲ.

‘ಅಳಬ್ಯಾಡ. ನಾನೂ ಬರ್ತೀನಿ, ನಡಿ’ ಅಂದರು.

ಡಾಕ್ಟರ್ ಒಬ್ಬ ಮರಾಠಿ ಹೆಂಗಸು. ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡುತ್ತಾ ಮಾತೇ ಆಡಲಿಲ್ಲ. ಡಾಕ್ಟರು ಸುಮ್ಮನಿದ್ದರೆ ಅದಕ್ಕಿಂತ ಭಯ ಬೇರೆ ಇದೆಯಾ? ಆಮೇಲೆ ಸಣ್ಣ ಸೂಜಿ ಚುಚ್ಚಿದರು. ಸಿರಿಂಜಿನೊಳಗೆ ಬೆಳ್ಳಗೆ ಏನೋ ಏರಿ ಬಂತು.

‘ದೂಧ್ ಆಹೇ’ ಅಂದರು. ಹಾಲು! ಮಗು ಕುಡಿಯುವುದು ಬಿಟ್ಟ ಮೇಲೆ ಒಳಗೇ ಉಳಿದು ಗಂಟಾಗಿತ್ತಂತೆ. ಹೆದರುವಂಥದ್ದಲ್ಲ, ಆದರೆ ಗಂಟು ಅಂತ ಸಿಕ್ಕಿದರೆ ತೋರಿಸಲೇಬೇಕು, ಬಂದಿದ್ದು ಒಳ್ಳೆಯದಾಯಿತು ಅಂದರು. ನಾನು ನಗುತ್ತಾ ಅಳುತ್ತಾ ಕುರ್ತಾ ಎಳೆದುಕೊಂಡು ಹೊರಗೆ ಬಂದೆ.

ಅತ್ತೆ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದರು. ‘ಬರೀ ಹಾಲಂತೆ ಅತ್ತೆ! ನಡೀರಿ ಹೋಗೋಣ, ಐಸ್‌ಕ್ರೀಮ್ ತಿನ್ನೋಣ’ ಅಂದೆ. ಕೈ ಮುಗಿದು ಕಣ್ಣು ಮುಚ್ಚಿದರು. ಆದರೆ ಮೇಲೇಳಲಿಲ್ಲ.

‘ಯಾಕತ್ತೆ?’

ಅವರು ಅತ್ತಿತ್ತ ನೋಡಿ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. ‘ಬಂದದ್ದು ಬಂದೇವಿ... ನಂದೂ ಒಂದ್ ಸರ್ತಿ ನೋಡ್ತಾರೇನು ಕೇಳು.’

‘ಏನು ನೋಡಬೇಕು?’

‘ನನಗೂ ಅದ.’

ಯಾವಾಗಿನಿಂದ ಅಂತ ಕೇಳಿದೆ. ‘ಕೂಸಿಗೆ ಮೊದಲನೇ ಹಲ್ಲು ಬಂದಾಗಿಂದ’ ಅಂದರು. ಆ ಕೂಸು ಈಗ ಬಾದಾಮಿ ಕಡಿದು ತಿನ್ನುತ್ತದೆ! ಯಾಕೆ ಹೇಳಲಿಲ್ಲ ಅಂತ ನಾನು ಕೂಗಿದೆನಂತೆ, ಪಕ್ಕದವರೆಲ್ಲ ತಿರುಗಿ ನೋಡಿದರಂತೆ.

‘ನೀ ಹಾಲು ಕುಡಸ್ತಿದ್ದಿ. ಅಂಥಾ ಹೊತ್ತಿನ್ಯಾಗ ನಿನ್ನ ಮುಂದ ಇಂಥಾದ್ದು ಹ್ಯಾಂಗ ಹೇಳಲಿ? ಆಮ್ಯಾಲ ಅಂಜಿಕಿ ಬಂತು. ಕಿರಣಗ ಹೇಳಾಕ ಆಗೂ ಮಾತೇನು ಇದು?’

ಡಾಕ್ಟರ್ ಅದೇ ದಿನ ನೋಡಿದರು. ಈ ಸಲ ಸಿರಿಂಜಿನಲ್ಲಿ ಹಾಲು ಬರಲಿಲ್ಲ. ಬಯಾಪ್ಸಿಗೆ ಬರೆದರು. ರಿಪೋರ್ಟ್ ಬರುವವರೆಗೆ ನಮ್ಮ ಮನೆಯಲ್ಲಿ ಟಿವಿ ಹಾಕಿದರೂ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಅತ್ತೆ ಮಾತ್ರ ಎಂದಿನಂತೆ ರೊಟ್ಟಿ ಬಡಿದರು. ಬಡಿಯುವ ಸದ್ದು ನಡುವೆ ನಿಂತರೆ ಕಿರಣ್ ಎದ್ದು ಹೋಗಿ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ.

ಕ್ಯಾನ್ಸರ್. ‘ಮೊದಲೇ ಬಂದಿದ್ದರೆ ಸುಲಭ ಇತ್ತು. ಈಗಲೂ ಕೈ ಮೀರಿಲ್ಲ’ ಅಂದರು ಡಾಕ್ಟರ್. ನಾವು ಎರಡನೇ ವಾಕ್ಯವನ್ನು ಹಿಡಿದುಕೊಂಡು ಮನೆಗೆ ಬಂದೆವು.

ಆಪರೇಷನ್ ಆಗಿದೆ. ಕೀಮೋ ನಡೆಯುತ್ತಿದೆ. ಅತ್ತೆಯ ತಲೆಗೂದಲು ಉದುರಿದೆ, ಊಟ ಸೇರುವುದಿಲ್ಲ. ಪ್ರತಿ ಸಲ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚಿದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ, ಗುರುತು ಬೀಳುವಷ್ಟು ಗಟ್ಟಿಯಾಗಿ. ‘ಅಂಜಿಕಿ ಆಗ್ತದವಾ’ ಅನ್ನುತ್ತಾರೆ. ನನಗೂ ಆಗುತ್ತದೆ ಅತ್ತೆ ಅನ್ನುತ್ತೇನೆ. ಧೈರ್ಯವಾಗಿರಿ ಅಂತ ಹೇಳುವುದನ್ನು ಬಿಟ್ಟಿದ್ದೇನೆ. ಮುಂದಿನ ಸ್ಕ್ಯಾನ್‌ನಲ್ಲಿ ಏನಿರುತ್ತದೋ ನನಗೂ ಗೊತ್ತಿಲ್ಲ.

ನಾನು ಒಳ್ಳೆಯ ಬ್ರಾ ಕೊಂಡೆನಾ ಅಂತ ನೀವು ಕೇಳಬಹುದು. ಕೊಂಡೆ, ಆಪರೇಷನ್ ಆದ ಮೇಲೆ, ಕನ್ನಡಿ ಮುಂದೆ ನಿಂತು ಅಳತೆ ಕೊಟ್ಟೇ ಕೊಂಡೆ.

ಆದರೆ ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಹೆದರುತ್ತಾ ಓಡಾಡಿದೆವಲ್ಲ, ಈ ಹೊತ್ತು ನಿಮ್ಮ ಮನೆಯಲ್ಲಿ ಹಾಗೆ ಓಡಾಡುತ್ತಿರುವವರು ಯಾರು?