ಫ್ರಿಜ್ ಬಂದ್ ಮಾಡುತ್ತಿದ್ದ ವಾಮನಣ್ಣ

ಯಾರ ಮನೆಗೇ ಹೋಗಲಿ, ವಾಮನಣ್ಣ ಮೊದಲು ಮಾತಾಡಿಸುತ್ತಿದ್ದದ್ದು ಫ್ರಿಜ್ಜನ್ನು. "ನಿಂದು ಸಾಕು ಮಾರಾಯಾ" ಎಂದು ಅದರ ಸ್ವಿಚ್ ಆರಿಸಿ, ಫ್ಯಾನು ನಿಲ್ಲಿಸಿ, ಗೋಡೆ ಗಡಿಯಾರ ಇಳಿಸಿ ಹಾಸಿಗೆಯ ಸುರುಳಿಯೊಳಗೆ ತುರುಕಿ, ಇನ್ನೇನು ಸದ್ದು ಉಳಿದಿದೆಯೆಂದು ಕಣ್ಣು ಮುಚ್ಚಿ ಆಲಿಸುತ್ತ ನಿಂತುಬಿಡುವರು. ಅವರು ಕಣ್ಣು ಬಿಡುವತನಕ ನಾವು ಬೆವರು ಒರೆಸಿಕೊಳ್ಳುತ್ತ ಕಾಯಬೇಕು. ನನಗೋ ಮೈಯೆಲ್ಲ ಉರಿ.

ಉರಿಯದೆ ಏನು? ಬೇಲೆಕೇರಿಯ ನನ್ನ ಸೋದರತ್ತೆ ದೇವಿಯತ್ತೆಗೆ ಗಂಟಲಿನ ಆಪರೇಶನ್ ನಿಗದಿಯಾಗಿತ್ತು. ಆಮೇಲೆ ಧ್ವನಿ ಉಳಿಯುವ ಖಾತ್ರಿಯಿಲ್ಲ ಎಂದಿದ್ದರು ಡಾಕ್ಟರು. ಇದ್ದದ್ದು ಹದಿನೈದೇ ದಿನ. ಅಷ್ಟರೊಳಗೆ ಅವಳ ಕತೆಗಳನ್ನು ಅವಳ ಬಾಯಲ್ಲೇ ಹೇಳಿಸಿ ಪಾಡ್‌ಕಾಸ್ಟ್ ಮಾಡುತ್ತೇನೆಂದು ಹಟ ಹಿಡಿದು, ಅವಳನ್ನು ಅಂಕೋಲೆಯ ನಮ್ಮ ಮನೆಗೆ ಕರೆತಂದಿದ್ದೆ. ಮೊಬೈಲಿನಲ್ಲಿ ಹಿಡಿದರೆ ಬರೀ ಗೊರಗೊರ. ಹಾಗಾಗಿ ಕಾರವಾರದಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡಿದ್ದ ವಾಮನಣ್ಣನ ಬೆನ್ನು ಹತ್ತಿದೆ.

ಮೊದಲ ದಿನವೇ ಎಡವಟ್ಟು. ನಮ್ಮಲ್ಲಿ ಕತೆ ಕೇಳುವವರು 'ಹೂಂ' ಅನ್ನುತ್ತಲೇ ಇರಬೇಕು. ನಾನೂ ರೂಢಿಯಂತೆ ಮಾತಿಗೊಂದು ಹೂಂ ಹಾಕಿದೆ. ವಾಮನಣ್ಣ ಹೆಡ್‌ಫೋನ್ ತೆಗೆದು ನಕ್ಕರು.

"ತಂಗೀ, ಕತೆ ಅವ್ರದ್ದೋ, ನಿಂದೋ?"

ಮರುಸಲ ಬಾಯಿಗೆ ವೇಲ್ ಒತ್ತಿಕೊಂಡು ಕುಳಿತೆ. ನಾಲ್ಕು ಮಾತಿಗೇ ಅತ್ತೆ ನಿಲ್ಲಿಸಿಬಿಟ್ಟಳು. "ಏನೇ, ನಿದ್ದೆ ಬಂತೇ ನಿಂಗೆ? ಹೂಂ ಅನ್ನೂರು ಇಲ್ದೆ ನಾ ಯಾರಿಗೆ ಹೇಳೂದು, ಗೋಡೆಗಾ?"

ನಾನು ಹಣೆ ಚಚ್ಚಿಕೊಂಡೆ. ವಾಮನಣ್ಣ ನನ್ನನ್ನು ಬಾಗಿಲ ಹತ್ತಿರ ಸರಿಸಿ, ಚೀಲದಿಂದ ಇನ್ನೊಂದು ಮೈಕು ತೆಗೆದು ಎದುರಿಗಿಟ್ಟರು. "ನಿನ್ನ ಹೂಂ ನಾ ಬೇರೆಯಾಗೇ ಹಿಡೀತೆ. ಎಷ್ಟು ಬೇಕೋ ಅಷ್ಟು ಇಟ್ಕಂಡ್ರಾಯ್ತು." ಅತ್ತೆ ಮತ್ತೆ ಶುರು ಮಾಡಿದಳು. ಒಂಬತ್ತು ಕತೆಗಳು ಹೀಗೆಯೇ ಆದವು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಹತ್ತನೆಯದು. ಅರ್ಧಕ್ಕೆ ಬಂದಾಗ ಅತ್ತೆ ಗಂಟಲು ಹಿಡಿದುಕೊಂಡಳು.

"ಇನ್ನೊಂಚೂರು ಅತ್ತೇ, ಮುಗಿಸ್ಬಿಡು" ಎಂದೆ.

ವಾಮನಣ್ಣ ಮೆಷಿನ್ ಬಂದ್ ಮಾಡಿದರು.

"ನಾಳೆ ಧ್ವನಿಯೇ ಇರೂದಿಲ್ಲ!" ಎಂದು ಕಿರುಚಿದೆ.

"ಅವ್ರ ನೋವು ನಂಗೆ ಕೇಳ್ತದೆ ತಂಗೀ. ನಿಂಗೆ ಕತೆ ಒಂದೇ ಕೇಳ್ತದೆ" ಎಂದು ವೈರು ಸುತ್ತತೊಡಗಿದರು.

ಡಾಕ್ಟರು ಹೆದರಿದಂತೆಯೇ ಆಯಿತು, ಅತ್ತೆಯ ಧ್ವನಿ ಹೋಯಿತು. ವಾಮನಣ್ಣ ಒಂಬತ್ತು ಕಂತುಗಳನ್ನೂ ಚೊಕ್ಕ ಮಾಡಿ ಕಳಿಸಿದರು. ನಾನು ಒಂದು ಥ್ಯಾಂಕ್ಸೂ ಹೇಳಲಿಲ್ಲ, ಅಷ್ಟು ಸಿಟ್ಟು. ತಿಂಗಳ ನಂತರ ಅವರೇ ಫೋನ್ ಮಾಡಿದರು. "ಆ ಅರ್ಧಕ್ಕೆ ಉಳಿದ ಕತೆ ನಿಂಗೆ ಬರ್ತದಲ್ಲ? ನೀನೇ ಹೇಳು. ಅತ್ತೆ ಎದ್ರಿಗೆ ಕೂತ್ಕಳ್ಳಲಿ. ಯಾವಾಗ ಬರ್ಲಿ?"

"ನೋಡೋಣ" ಎಂದು ಫೋನಿಟ್ಟೆ.

ಅದೇ ವಾರ ಹೃದಯಾಘಾತವಾಗಿ ವಾಮನಣ್ಣ ಹೋಗಿಬಿಟ್ಟರು. ಆ 'ನೋಡೋಣ' ಇವತ್ತಿಗೂ ನನ್ನನ್ನು ಕುಳಿತಲ್ಲಿ ಕೂರಗೊಡುವುದಿಲ್ಲ. ಆ ಫೋನಿನ ಮಾತು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದ ಅತ್ತೆ ಪ್ರತಿ ಸಂಜೆ ತಲೆ ಬಾಚಿಕೊಂಡು ಬಂದು ಕೂರುತ್ತಾಳೆ. ಎರಡೂ ಕೈಯಿಂದ ಕಿವಿ ಮುಚ್ಚಿ ಹೆಡ್‌ಫೋನಿನ ಸನ್ನೆ ಮಾಡಿ, ಅವನು ಯಾವಾಗ ಬರುತ್ತಾನೆ ಎಂದು ಕಣ್ಣಲ್ಲೇ ಕೇಳುತ್ತಾಳೆ. ನಾನಿನ್ನೂ ಅವಳಿಗೆ ಹೇಳಿಲ್ಲ.