ಒಂದು ಟೋಕನ್‌ಗೆ ಇಬ್ಬರು ಪಾಲುದಾರರು

1984ರಲ್ಲಿ ನಾನು ಹೊಸೂರಿನಲ್ಲಿ ಲೇಬರ್ ಇನ್‌ಸ್ಪೆಕ್ಟರ್ ಆಗಿದ್ದೆ. ಆ ಕಾಲದ ಬಗ್ಗೆ ಕೇಳಿದವರಿಗೆಲ್ಲ ಮಾದಪ್ಪನ ಕೇಸನ್ನೇ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದು ನುಣ್ಣಗಾಗಿದೆ. ನುಣ್ಣಗಾದ ಕಡೆಯೆಲ್ಲ ನನಗೀಗ ಅನುಮಾನ. ಆದಷ್ಟು ತರಕಲಾಗಿಯೇ ಬರೆಯುತ್ತೇನೆ.

ಆಗ ಕಾರ್ಖಾನೆಗಳಿಗೆ ಟೆಂಪರರಿ ಆಳುಗಳನ್ನು ಒದಗಿಸುವ ಏಜೆನ್ಸಿಗಳು ಊರಿನ ತುಂಬ ಎದ್ದಿದ್ದವು. ಏಜೆನ್ಸಿ ಎಂದರೆ ಒಂದು ಕೋಣೆ, ಒಂದು ಮೇಜು, ಒಬ್ಬ ಕಾಂಟ್ರಾಕ್ಟರ್. ಮಿಷಿನ್ ಕಾರ್ಖಾನೆಯದು, ಆಳು ಕಾಂಟ್ರಾಕ್ಟರನದು. ಆಳಿಗೆ ಏನಾದರೂ ಆದರೆ ಇಬ್ಬರೂ ಪರಸ್ಪರರತ್ತ ಕೈ ತೋರಿಸುತ್ತಿದ್ದರು. ಅಷ್ಟರಲ್ಲಿ ತಮಿಳುನಾಡಿನಲ್ಲಿ ಒಂದು ಕಾನೂನು ಬಂದಿತ್ತು: ಇಪ್ಪತ್ನಾಲ್ಕು ತಿಂಗಳಲ್ಲಿ ನಾನೂರ ಎಂಬತ್ತು ದಿನ ದುಡಿದ ಕಾರ್ಮಿಕನನ್ನು ಪರ್ಮನೆಂಟ್ ಮಾಡಬೇಕು. ಅದು ಏಜೆನ್ಸಿಯ ಆಳಿಗೂ ಸಲ್ಲುತ್ತದೆಯೇ ಎಂಬುದು ವಾದದ ವಿಷಯ.

ಮಾದಪ್ಪ ಅಂಚೆಟ್ಟಿಯ ಆಚೆ, ನಾಟ್ರಾಂಪಾಳ್ಯದ ರೈತ. ಗೋವಿಂದರಾಜು ಎಂಬ ಕಾಂಟ್ರಾಕ್ಟರನ ಮೂಲಕ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಶಾಪ್ ಸೇರಿದ್ದ. ತನ್ನನ್ನು ಪರ್ಮನೆಂಟ್ ಮಾಡಿಸಬೇಕೆಂದು ನನ್ನಲ್ಲಿಗೆ ಬಂದ. ಹಾಜರಿ ನೋಡಿದೆ, ಬೇಕಾದದ್ದಕ್ಕಿಂತ ಹೆಚ್ಚೇ ದಿನಗಳಿದ್ದವು. ಕೆಲಸ ಹೇಳುತ್ತಿದ್ದ ಫೋರ್‌ಮನ್ ಕಾರ್ಖಾನೆಯವನೇ, ಹಾಗಾಗಿ ಆಳೂ ಕಾರ್ಖಾನೆಯದೇ ಎನ್ನಬಹುದಿತ್ತು. ಕೇಸು ಗಟ್ಟಿಯಾಗಿ ನಿಲ್ಲುತ್ತದೆ ಎನಿಸಿತು. ಇದು ಗೆದ್ದರೆ ಅವನ ಹಿಂದೆ ಇನ್ನೆಷ್ಟೋ ಜನ ಬರಬಹುದಿತ್ತು.

ವಿಚಾರಣೆಯ ದಿನ ಮಾದಪ್ಪ ತಮ್ಮ ಶಿವಣ್ಣನನ್ನೂ ಕರೆತಂದ. ಇಬ್ಬರೂ ಒಗೆದ ಬಿಳಿ ಅಂಗಿ ತೊಟ್ಟಿದ್ದರು. ಜೊತೆಗೆ ಬಂದಿದ್ದಾನೆ ಅಷ್ಟೇ ಅಂದುಕೊಂಡೆ. ಕಾರ್ಖಾನೆಯ ಪರ್ಸೊನೆಲ್ ಆಫೀಸರ್ ಬಹಳ ಹೊತ್ತು ವಾದಿಸಿದರು. ದಿನಗಳ ಲೆಕ್ಕವನ್ನು ಮಾತ್ರ ಪ್ರಶ್ನಿಸಲಿಲ್ಲ. ಕೊನೆಗೆ, ಹೇಳುವುದೇನಾದರೂ ಇದೆಯೇ ಎಂದು ಮಾದಪ್ಪನನ್ನು ಕೇಳಿದೆ. ಅವನು ತಮ್ಮನ ಕಡೆ ನೋಡಿದ. ಶಿವಣ್ಣ ಎದ್ದು ನಿಂತ.

“ಸಾರ್, ಪರ್ಮನೆಂಟ್ ಬರ್ಯೋವಾಗ ನನ್ನೆಸ್ರೂ ಸೇರಿಸ್ಬುಡಿ. ಅರ್ಧ ಗೇದಿದ್ದು ನಾನೇಯ.”

“ಎನ್ನಪ್ಪಾ ಸೊನ್ನೇ?” ಎಂದರು ಆಫೀಸರ್. ಏನಂದೆಯಪ್ಪಾ, ಇನ್ನೊಮ್ಮೆ ಹೇಳು ಎನ್ನುವಂತೆ.

ಮಾದಪ್ಪ ಹೆಮ್ಮೆಯಿಂದಲೇ ವಿವರಿಸಿದ. “ನಮ್ಮ ಬಾವಿ ವರ್ಸೆ ಇದ್ದಂಗೆ ಸಾರ್. ಒಂದಿನ ನೀರು ನಂದು, ಒಂದಿನ ಇವ್ನುದು. ಕೆಲ್ಸಾನೂ ಅಂಗೇಯ. ರಾಗಿ ಕುಯ್ಲಿಗೆ ನಾನು ಊರಿಗೋದ್ರೆ ಇವ್ನು ಬತ್ತಾನೆ. ಒಂದಿನಾನೂ ಮಿಷಿನ್ ನಿಲ್ಸಿಲ್ಲ.”

ಇಬ್ಬರೂ ಗೇಟಿನಲ್ಲಿ ತೋರಿಸುತ್ತಿದ್ದುದು ಒಂದೇ ಹಾಜರಿ ಟೋಕನ್. ಅದು ಹಿತ್ತಾಳೆಯದು, ಅದರ ಮೇಲೆ ನಂಬರಿತ್ತು, ಮುಖವಿರಲಿಲ್ಲ. ಗೇಟಿನಲ್ಲಿ ಎಣಿಸುತ್ತಿದ್ದುದು ತಲೆಗಳನ್ನು.

ವಿಚಾರಣೆಗೆ ಬಂದಿದ್ದ ಗೋವಿಂದರಾಜು ನಗತೊಡಗಿದ. “ನಂಗೇನು ಗೊತ್ತು ಸಾರ್? ಎರಡು ಮೂತಿನೂ ಒಂದೇ ಅಚ್ಚು!”

“ಏನು ಗೋವಿಂದಣ್ಣ, ಇಂಗಂತೀಯ?” ಶಿವಣ್ಣ ತಿರುಗಿಬಿದ್ದ. “ಯಾವನಾರ ಬನ್ರಲಾ, ಎರಡು ಕೈ ಬಂದ್ರೆ ಸಾಕು ಅಂದೋನು ನೀನೇ ಅಲ್ವಾ?”

ತಮ್ಮನನ್ನು ಯಾಕೆ ಕರೆತಂದೆ ಎಂದು ಮಾದಪ್ಪನನ್ನು ಕೇಳಿದೆ.

“ಪಾಲು ಬರ್ಯೋವಾಗ ಪಾಲ್ದಾರ್ರೆಲ್ಲ ಎದ್ರಿಗಿರ್ಬೇಕಲ್ವಾ ಸಾರ್? ತಮ್ಮನ್ನ ಬುಟ್ಟು ನಾನೊಬ್ನೇ ಬರ್ಸ್ಕೊಂಡ್ರೆ ಊರಲ್ಲಿ ಮುಖ ಎತ್ತಾಕಾಯ್ತದಾ?”

ಕೆಲವು ಸಲ ನಾನು ಈ ಕಥೆ ಹೇಳುವಾಗ ಶಿವಣ್ಣ ಪಿಸುಗುಡುತ್ತಾನೆ. ನಾನು ಕೇಳಿಸದವನಂತೆ ಇರಬಹುದಿತ್ತು ಎನ್ನುವ ಹಾಗೆ. ಅದು ನಾನು ಸೇರಿಸಿದ್ದು. ಅವನು ಊರ ಪಂಚಾಯ್ತಿಯಲ್ಲಿ ಮಾತಾಡುವಂತೆ ಗಟ್ಟಿಯಾಗಿಯೇ ಹೇಳಿದ. ಫ್ಯಾನ್ ತಿರುಗುತ್ತಿತ್ತೋ ಕರೆಂಟು ಹೋಗಿತ್ತೋ ನೆನಪಿಲ್ಲ. ಟೈಪಿಸ್ಟನ ಕೈ ನಿಂತದ್ದು ಮಾತ್ರ ನೆನಪಿದೆ.

ಆಮೇಲೆ ಉಳಿದದ್ದು ಆರ್ಡರ್. ದಿನಗಳನ್ನು ಇಬ್ಬರಿಗೆ ಹಂಚಿದರೆ ಒಬ್ಬನದೂ ಸಾಲುತ್ತಿರಲಿಲ್ಲ. ಅರ್ಜಿ ವಜಾ ಎಂದು ಬರೆಸಿ ಓದಿ ಹೇಳಿದೆ. ಮಾದಪ್ಪ ಪೂರ್ತಿ ಕೇಳಿಸಿಕೊಂಡ.

“ಅಂಗಾದ್ರೆ ಆ ಮಿಷಿನ್ ಮುಂದೆ ಎರಡು ವರ್ಷ ನಿಂತಿದ್ದೋನು ಯಾರು ಸಾರ್?”

ಹೈಕೋರ್ಟಿಗೆ ಹೋಗಬಹುದು ಎಂದೆ. ಮದ್ರಾಸಿಗೆ ಹೇಗೆ ಹೋಗುವುದೆಂದು ಅವನು ಕೇಳಲಿಲ್ಲ. ಮೆಟ್ಟಿಲ ಬಳಿ ಅವನು ತಮ್ಮನ ಮೇಲೆ ಕಿರುಚುವುದು ಕೇಳಿಸಿತು: “ನಿನ್ ಬಾಯಿಗೆ ಮಣ್ಣಾಕ! ನಾನು ಹೇಳೋಗಂಟ ತಡ್ಕೊಳ್ಳಾಕಾಗ್ಲಿಲ್ವೇನ್ಲಾ?” ಅಂದರೆ ಅವನೇ ಹೇಳುವವನಿದ್ದ. ಯಾರ ಬಾಯಿಂದ ಬಂದಿದ್ದರೂ ನಾನು ಬರೆಯಬೇಕಾದ ಆರ್ಡರ್ ಅದೇ.

ಮುಂದಿನ ವರ್ಷ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಶಿವಣ್ಣ ಸಿಕ್ಕಿದ. ಅಣ್ಣ ಪಾಲಾಗಿ ಬೇರೆ ಹೋಗಿದ್ದನಂತೆ, ಇಬ್ಬರಿಗೂ ಮಾತಿರಲಿಲ್ಲ. ಇವನು ಮತ್ತೆ ಗೋವಿಂದರಾಜುವಿನ ಹತ್ತಿರವೇ ಸೇರಿಕೊಂಡಿದ್ದ.

“ಈಗ ಒಬ್ನೇ ಗೇಯ್ತಾ ಇವ್ನಿ ಸಾರ್. ಒಂದಿನಾನೂ ಊರಿಗೋಗಿಲ್ಲ. ಈ ಸಲ ಪರ್ಮನೆಂಟ್ ಆಯ್ತದಲ್ವಾ?”

“ಟೋಕನ್ ಯಾವ ಹೆಸರಿನಲ್ಲಿದೆ?”

“ಈಗ ಮುರುಗೇಶ. ದೀಪಾವಳಿಗಂಟ ಮುನಿಸಾಮಿ ಆಗಿದ್ದೆ. ಅದ್ಕೂ ಮುಂಚೆ...” ನಗುತ್ತ ತಲೆ ಕೆರೆದುಕೊಂಡ. “ಗೋವಿಂದಣ್ಣನೇ ಬದಲಾಯಿಸ್ತಾನೆ. ಎಲ್ಲಾರ್ಗೂ ಅಂಗೇಯ ಈಗ.”

ನಮ್ಮ ಕೇಸಿನಿಂದ ಪಾಠ ಕಲಿತವನು ಗೋವಿಂದರಾಜು: ಯಾವ ಹೆಸರಿಗೂ ನಾನೂರ ಎಂಬತ್ತು ದಿನ ತುಂಬಬಾರದು. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದು: ಕಾನೂನು ಒಬ್ಬ ಮನುಷ್ಯನನ್ನು ಕರೆತನ್ನಿ ಎನ್ನುತ್ತದೆ, ಆಳು ಒದಗಿಸುವವನು ಕೈಗಳನ್ನಷ್ಟೇ ಕಳಿಸುತ್ತಾನೆ, ನಡುವೆ ಕೂತ ನನ್ನಂಥವನು ಪ್ರತಿ ಸಲ ‘ಅಂಥ ವ್ಯಕ್ತಿ ಇಲ್ಲ’ ಎಂದು ಬರೆಯುತ್ತಾನೆ, ಮತ್ತು ಪ್ರತಿ ಸಲ ಅದು ಕಾನೂನಿನ ಪ್ರಕಾರ ಸರಿಯಾಗಿಯೇ ಇರುತ್ತದೆ.

ಆಗುವುದಿಲ್ಲ ಶಿವಣ್ಣ ಎಂದೆ. ಅವನು ಸೆಕೆಂಡ್ ಶಿಫ್ಟ್‌ಗೆ ಹೊತ್ತಾಯಿತೆಂದು ಓಡಿದ.