ಮಂಡಿ ಸವೆದ ಪಿ.ಟಿ. ಟೀಚರ್

ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮನೆ ತುಮಕೂರಿನ ಮರಳೂರಿನಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಹುಡುಗಿಯರಿಗೆ ಖೋ ಖೋ ಹೇಳಿಕೊಟ್ಟು, ಸಂಜೆ ಮೈತುಂಬ ಧೂಳಿನೊಂದಿಗೆ ವಾಪಸಾಗುತ್ತೇನೆ. ಐವತ್ತು ದಾಟಿದ ಮೇಲೆ ಒಂದು ದಿನ ಬಸ್ಸಿನ ಮೆಟ್ಟಿಲಿಗೆ ಎಡಗಾಲು ಊರಿದಾಗ ಮಂಡಿಯೊಳಗೆ ಜಲ್ಲಿ ಅರೆದ ಹಾಗಾಯಿತು. ಹತ್ತಲೂ ಆಗದೆ ಇಳಿಯಲೂ ಆಗದೆ ಕಂಬಿ ಹಿಡಿದು ನಿಂತೆ. ಹಿಂದಿದ್ದವರು ಬೇಗ ಹತ್ತಮ್ಮ ಎಂದು ಗೊಣಗುತ್ತಿದ್ದರು.

ನೋವಿನ ಮಾತ್ರೆ ನುಂಗಿ ಸುಮ್ಮನಾಗಬಹುದಿತ್ತು. ಆದರೆ ನಮ್ಮತ್ತೆಯನ್ನು ನೋಡಿದ್ದೆ. ಕುಣಿಗಲ್ ಕಡೆಯ ಗಟ್ಟಿ ಹೆಂಗಸು ಅವರು. ಮಂಡಿನೋವಿಗೆಂದು ಡಾಕ್ಟರ ಚೀಟಿಯೂ ಇಲ್ಲದೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರಿಸಿ ವರ್ಷಗಟ್ಟಲೆ ಕಡಲೆಪುರಿಯಂತೆ ತಿಂದರು. ನೋವು ಹೋಗಲಿಲ್ಲ, ಕಿಡ್ನಿ ಹೋಯಿತು. ಕೊನೆಗಾಲದಲ್ಲಿ ಅವರನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದವಳು ನಾನೇ. ಹಾಗಾಗಿ ನೇರ ಮೂಳೆ ಡಾಕ್ಟರ ಹತ್ತಿರ ಹೋದೆ.

ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎರಡು ಮೂಳೆಗಳ ನಡುವೆ ಇರಬೇಕಾದ ಜಾಗ ಒಂದು ಕಡೆ ಕಿರಿದಾಗಿರುವುದನ್ನು ಬೆರಳಿಟ್ಟು ತೋರಿಸಿದರು. ಮೂಳೆಯ ತುದಿಗೆ ಮೆತ್ತೆಯಂತಿರುವ ಕಾರ್ಟಿಲೇಜ್ ಅಲ್ಲಿ ಸವೆದಿತ್ತು. ಅದನ್ನು ಮತ್ತೆ ಬೆಳೆಸುವ ಔಷಧಿ ಬರೆದುಕೊಡಿ ಎಂದೆ.

"ಅಂಥದ್ದು ಇನ್ನೂ ಬಂದಿಲ್ಲ ಮೇಡಂ," ಎಂದರು. "ಸವೆತನ ನಿಲ್ಲಿಸುತ್ತೆ ಅಂತ ಗ್ಯಾರಂಟಿ ಕೊಡೋ ಮಾತ್ರೆನೂ ಇಲ್ಲ. ಹುಡುಕ್ತಾ ಇದಾರೆ. ಇದೆ ಅಂತ ಸುಳ್ಳು ಹೇಳಿ ನಿಮ್ಮನ್ನ ಕಳಿಸೋಕೆ ನಂಗಿಷ್ಟ ಇಲ್ಲ."

ನನಗೆ ಸಿಟ್ಟು ಬಂತು. ಚಂದ್ರನ ಮೇಲೆ ಇಳಿಯುತ್ತಾರೆ, ಒಂದು ಮಂಡಿಗೆ ಮದ್ದಿಲ್ಲವೇ ಎಂದು ಕೇಳಿದೆ. ಅವರು ಬೇಸರಪಡದೆ ಒಂದೊಂದಾಗಿ ವಿವರಿಸಿದರು. ಗ್ಲುಕೋಸಮೈನ್ ಮಾತ್ರೆಯಿಂದ ಕೆಲವರು ಹಗುರ ಎನ್ನುತ್ತಾರೆ, ಹಲವರಿಗೆ ಏನೂ ಆಗುವುದಿಲ್ಲ. ಬೇಕಾದರೆ ಕೆಲವು ತಿಂಗಳು ನೋಡಿ. ಮಂಡಿಯೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ನೋವನ್ನು ಸ್ವಲ್ಪ ಕಾಲ ತಡೆಯುತ್ತದೆ, ಪದೇ ಪದೇ ಚುಚ್ಚಿಸಿಕೊಂಡರೆ ಉಳಿದ ಕಾರ್ಟಿಲೇಜಿಗೇ ಪೆಟ್ಟು. ಸದ್ಯಕ್ಕೆ ನಂಬಬಹುದಾದದ್ದು ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳುವುದು, ತೂಕ ಇಳಿಸುವುದು, ನೋವು ಜಾಸ್ತಿಯಾದ ದಿನ ಮುಲಾಮು.

ಗ್ಲುಕೋಸಮೈನ್ ಮಾತ್ರೆ ತೆಗೆದುಕೊಂಡೆ. ತಿಂಗಳುಗಳು ಕಳೆದರೂ ಬಸ್ಸಿನ ಮೆಟ್ಟಿಲು ಅಷ್ಟೇ ಎತ್ತರವಿತ್ತು. ಡಾಕ್ಟರಿಗೆ ಹೇಳಿ ನಿಲ್ಲಿಸಿದೆ. ವ್ಯಾಯಾಮ ಮಾತ್ರ ಬಿಡಲಿಲ್ಲ. ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಜೀವನವೆಲ್ಲ ಬೇರೆಯವರ ಮಕ್ಕಳಿಗೆ ಕವಾಯತು ಮಾಡಿಸಿದವಳು, ಈಗ ನನ್ನ ಕಾಲಿಗೇ ಸೀಟಿ ಊದತೊಡಗಿದೆ.

ಅಷ್ಟರಲ್ಲಿ ನನ್ನ ಮಂಡಿಯ ಸುದ್ದಿ ನೆಂಟರಲ್ಲೆಲ್ಲ ಹಬ್ಬಿತ್ತು. ಕುಣಿಗಲ್‌ನಿಂದ ಅಕ್ಕನ ಗಂಡ ಒಂದು ಪುಡಿಯ ಡಬ್ಬಿ ಹಿಡಿದು ಬಂದರು. ಅವರು ಯಾವುದೋ ಮಾರಾಟದ ಗುಂಪಿಗೆ ಸೇರಿದ್ದರು. ಹಾಲಿಗೆ ಹಾಕಿ ಕುಡಿದರೆ ಸವೆದದ್ದೆಲ್ಲ ಬೆಳೆಯುತ್ತದಂತೆ.

"ಇದ್ರಲ್ಲಿ ಏನಿದೆ ಭಾವ?" ಎಂದೆ.

"ಅದೆಲ್ಲ ನಂಗೊತ್ತಿಲ್ಲ ಕಣಮ್ಮ. ಎಲ್ರೂ ಕುಡೀತಾವ್ರೆ."

"ಏನಿದೆ ಅಂತ ಗೊತ್ತಿಲ್ದೇ ಇರೋದನ್ನ ನಾನು ನುಂಗಲ್ಲ. ನಮ್ಮತ್ತೆ ನುಂಗಿದ್ದು ಸಾಕು."

ಭಾವ ಮುನಿಸಿಕೊಂಡು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದರು. ಅಕ್ಕ ಫೋನಿನಲ್ಲಿ ಬೈದಳು. ಬೈಯಲಿ ಎಂದುಕೊಂಡೆ.

ಹೆಡ್‌ಮಾಸ್ಟರ್ ಒಳ್ಳೆಯವರು. ಒಳ್ಳೆಯ ಮನಸ್ಸಿನಿಂದಲೇ, ನೀವಿನ್ನು ಗ್ರೌಂಡಿಗೆ ಇಳಿಯಬೇಡಿ, ಲೈಬ್ರರಿ ನೋಡಿಕೊಳ್ಳಿ ಎಂದರು. ಖೋ ಖೋ ಟೀಮನ್ನು ಗಣಿತದ ಮೇಷ್ಟ್ರಿಗೆ ವಹಿಸುವ ಯೋಚನೆ ಅವರದ್ದು. ಆ ಮೇಷ್ಟ್ರಿಗೆ ಆಟದ ಗಂಧವೇ ಇರಲಿಲ್ಲ. ಕುರ್ಚಿ ಹಾಕಿಕೊಂಡಾದರೂ ಗ್ರೌಂಡಿನಲ್ಲೇ ಇರುತ್ತೇನೆ, ನನ್ನ ಕೆಲಸ ಅಲ್ಲಿಯೇ ಎಂದು ಹೇಳಿ ಬಂದೆ. ಮಾರನೆಯ ದಿನ ನಿಜಕ್ಕೂ ಕುರ್ಚಿ ಹೊರಿಸಿಕೊಂಡು ಹೋದೆ. ಸ್ವಲ್ಪ ಹೊತ್ತು ನಿಲ್ಲುವುದು, ಸ್ವಲ್ಪ ಹೊತ್ತು ಕೂರುವುದು. ಬಾಯಿಗಂತೂ ಸವೆತ ಬಂದಿರಲಿಲ್ಲ.

ಆ ಚಳಿಗಾಲದಲ್ಲಿ ಶಾಲೆಯಿಂದ ಹುತ್ರಿದುರ್ಗದ ಬೆಟ್ಟಕ್ಕೆ ಪ್ರವಾಸ ಹೊರಟರು. ಮೇಡಂ ಬಸ್ಸಿನಲ್ಲೇ ಕೂತಿರಲಿ ಎಂದು ಎಲ್ಲರೂ ಮೊದಲೇ ತೀರ್ಮಾನ ಮಾಡಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ಡಾಕ್ಟರನ್ನು ನಾನೇ ಕೇಳಿದ್ದೆ: ನಿಧಾನ ಹೋಗಿ, ಊತ ಬಂದರೆ ನಿಲ್ಲಿಸಿ, ಇಳಿಯುವಾಗ ಹುಷಾರು ಎಂದಿದ್ದರು. ಮಂಡಿಗೆ ಪಟ್ಟಿ ಸುತ್ತಿ, ಕೋಲು ಹಿಡಿದು, ಎಲ್ಲರಿಗಿಂತ ಹಿಂದೆ ಹತ್ತತೊಡಗಿದೆ. ಕೋಟೆಯ ಎರಡನೆಯ ಬಾಗಿಲಿನ ತನಕ ಹೋದೆ. ಅಲ್ಲಿ ಮಂಡಿ ಬಿಗಿಯಿತು. ತುದಿ ನೋಡುವ ಆಸೆ ಬಹಳ ಇತ್ತು, ಆದರೂ ಅಲ್ಲೇ ಕಲ್ಲಿನ ಮೇಲೆ ಕೂತೆ. ಹುಡುಗಿಯರು ಮೇಲೆ ಓಡಿದರು. ಕೆಳಗೆ ಹೊಲಗಳು ಹರಡಿಕೊಂಡಿದ್ದವು. ತಂದಿದ್ದ ಚಿತ್ರಾನ್ನವನ್ನು ಒಬ್ಬಳೇ ತಿಂದೆ. ಅಷ್ಟು ರುಚಿಯಾದ ಚಿತ್ರಾನ್ನ ತಿಂದು ಬಹಳ ಕಾಲವಾಗಿತ್ತು.

ಇಳಿಯುವುದೇ ಕಷ್ಟವಾಯಿತು. ಕಡಿದಾದ ಕಡೆಗಳಲ್ಲಿ ಕಾಲಿಗೆ ಭಾರ ಕೊಡಲಾಗದೆ, ಸೀರೆ ಎತ್ತಿ ಸಿಕ್ಕಿಸಿ, ಕೂತುಕೊಂಡೇ ಮೆಟ್ಟಿಲಿಂದ ಮೆಟ್ಟಿಲಿಗೆ ಜಾರಿದೆ. ಎದುರು ಹತ್ತಿ ಬರುತ್ತಿದ್ದವರು ನಕ್ಕರು. ಒಬ್ಬಾಕೆ, ಈ ವಯಸ್ಸಲ್ಲಿ ಯಾಕ್ ಬೇಕಿತ್ತಮ್ಮ ಎಂದಳು.

"ನಂಗೆ ಬೇಕಿತ್ತು," ಎಂದು ಹೇಳಿ ಮುಂದಿನ ಮೆಟ್ಟಿಲಿಗೆ ಜಾರಿದೆ.

ಮಂಡಿ ಊದಿಕೊಂಡಿತು. ಐಸ್ ಇಟ್ಟೆ, ರಜೆ ಹಾಕಿದೆ, ಯಜಮಾನರ ಕೈಲಿ ಅನ್ನಿಸಿಕೊಂಡೆ. ಊತ ಇಳಿದ ಮೇಲೆ ಮತ್ತೆ ಗುಬ್ಬಿ ಬಸ್ಸು ಹತ್ತಿದೆ. ಇತ್ತೀಚಿನ ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಆ ಜಾಗವೇನೂ ಅಗಲವಾಗಿಲ್ಲ, ಆಗುವುದೂ ಇಲ್ಲ. ಆದರೆ ನೋವು ಕಡಿಮೆ, ಕಾಲಿಗೆ ಬಲ ಬಂದಿದೆ. ಮುಂದೆಂದೋ ಮಂಡಿ ಬದಲಾಯಿಸಬೇಕಾಗಬಹುದು ಎಂದಿದ್ದಾರೆ ಡಾಕ್ಟರ್. ಆ ದಿನ ಬಂದರೆ ಬದಲಾಯಿಸಿಕೊಳ್ಳುತ್ತೇನೆ. ಅಷ್ಟರೊಳಗೆ ಒಳ್ಳೆಯ ಮದ್ದು ಬಂದರೆ ಅದನ್ನೂ ವಿಚಾರಿಸಿಯೇ ನುಂಗುತ್ತೇನೆ. ಲೈಬ್ರರಿಯನ್ನು ಈಗ ಗಣಿತದ ಮೇಷ್ಟ್ರು ನೋಡಿಕೊಳ್ಳುತ್ತಿದ್ದಾರೆ.